‘ಎಲ್ಲದ್ರಾಗೂ ಜಗಳಾನ ಕಾಣ್ತದೇನ್ರೀ ನಿಮಗ?’

ಹೌದು, ಕಾಣುತ್ತದೆ. ಮುಂದಿನ ಪ್ರಶ್ನೆ?

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ನಾನು ಮಾರ್ಕ್ಸ್‌ವಾದದ ‘ವೈರುಧ್ಯ’ದ ಮಾತೆತ್ತಿದಾಗಲೆಲ್ಲ ಹೀಗೆ ಕೇಳುವವರು ಬಿಡುವುದಿಲ್ಲ, ನನಗೂ ಹೇಳಿ ಹೇಳಿ ಗಂಟಲು ಒಣಗಿದೆ. ಇನ್ನು ಮೇಲೆ ಯಾರೇ ಕೇಳಲಿ, ಈ ಬರಹ ಕಳಿಸಿ ಸುಮ್ಮನಾಗುತ್ತೇನೆ.

ನಾನು ರಾಯಚೂರಿನ ಗಂಜ್‌ನಲ್ಲಿ ರೈತರ ಮಾಲು ಮಾರಿಸಿಕೊಡುವ ಒಂದು ದಲಾಲಿ ಅಂಗಡಿಯ ಗುಮಾಸ್ತ. ಹಗಲು ಖಾತೆ-ಕಿರ್ದಿ, ರಾತ್ರಿ ಮಾರ್ಕ್ಸ್, ಎಂಗೆಲ್ಸ್. ಭಾನುವಾರ ನಾಲ್ಕು ಜನ ಸೇರಿದರೆ ಗತಿತಾರ್ಕಿಕ ಭೌತವಾದದ ಮಾತು, ಅಂದರೆ ಲೋಕ ತನ್ನೊಳಗಿನ ತಿಕ್ಕಾಟದಿಂದಲೇ ಬದಲಾಗುತ್ತದೆ ಅನ್ನುವ ಮಾರ್ಕ್ಸ್‌ವಾದಿ ಚಿಂತನೆ. ಅದರಲ್ಲಿ ವೈರುಧ್ಯ ಅನ್ನುವುದು, ಅಂದರೆ ಒಂದನ್ನೊಂದು ಬಿಟ್ಟಿರಲಾರದ ಎರಡರ ನಡುವಿನ ತಿಕ್ಕಾಟ, ಹೆಜ್ಜೆಗೊಮ್ಮೆ ಬರುತ್ತದೆ. ‘ದಲಾಲಿ ಅಂಗಡಿಯಲ್ಲಿ ಕೂತು ಮಾರ್ಕ್ಸ್ ಓದ್ತಾನಂತೆ’ ಅಂತ ನಗುವವರಿದ್ದಾರೆ. ಮಾರ್ಕ್ಸನ ಜೊತೆಗಾರ ಎಂಗೆಲ್ಸ್ 1850ರಿಂದ 1869ರವರೆಗೆ ಮ್ಯಾಂಚೆಸ್ಟರಿನಲ್ಲಿ ಅಪ್ಪನ ಪಾಲುದಾರಿಕೆಯ ಹತ್ತಿ ಕಂಪನಿಯಲ್ಲಿ ಕೂತಿದ್ದ. ಆ ಸಂಪಾದನೆಯಲ್ಲೇ ಮಾರ್ಕ್ಸನ ಮನೆಗೂ ದುಡ್ಡು ಹೋಗುತ್ತಿತ್ತು. ನಗುವುದಿದ್ದರೆ ಅಲ್ಲಿಂದ ಶುರು ಮಾಡಿ.

ಈ ಪ್ರಶ್ನೆಯನ್ನು ಅತಿ ಜೋರಾಗಿ ಕೇಳಿದವರು ನಮ್ಮ ಬೀಗರು. ಮಾನ್ವಿಯಲ್ಲಿ ಅಣ್ಣನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೇ ಕೂತಿದ್ದರು. ನಿವೃತ್ತ ಮಾಸ್ತರು, ದನಿ ಇನ್ನೂ ನಿವೃತ್ತಿ ಆಗಿಲ್ಲ.

‘ಅಲ್ರೀ ಬೀಗ್ರೆ, ಮಾಲಕ-ಕೂಲಿ ಅಂದ್ರೂ ವೈರುಧ್ಯ, ಗಂಡ-ಹೆಂಡ್ತಿ ಅಂದ್ರೂ ವೈರುಧ್ಯ. ಜಗಳ ಹಚ್ಚೋ ಸಿದ್ಧಾಂತ ಅಲ್ಲೇನು ಇದು? ಜೀವನ ಅಂದ್ರ ಬೇವು-ಬೆಲ್ಲ. ಎರಡೂ ಇರ್ತಾವ, ಎರಡೂ ತಿನ್ನಬೇಕು, ನಕ್ಕೋತ ಇರಬೇಕು.’

ಪಂಕ್ತಿಯೇ ತಲೆದೂಗಿತು. ನನ್ನ ಬಾಯಲ್ಲಿ ಹೋಳಿಗೆ. ಅದನ್ನು ನುಂಗುವಷ್ಟರಲ್ಲಿ ಅನ್ನ-ಸಾರಿನ ಬಕೆಟ್ ಬಂತು, ಮಾತು ಮಳೆಯ ಕಡೆ ಹೋಯಿತು. ಅವರು ಗೆದ್ದರು ಅಂತಲೇ ಎಲ್ಲರ ಲೆಕ್ಕ.

ಜಗಳ ಅಂದಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಬೇವು-ಬೆಲ್ಲ ಅಂದಿದ್ದು ಮಾತ್ರ ಇವತ್ತಿಗೂ ಚುಚ್ಚುತ್ತದೆ. ಯಾಕೆ ಅಂದರೆ ಬೇವಿಗೂ ಬೆಲ್ಲಕ್ಕೂ ಯಾವ ಸಂಬಂಧವೂ ಇಲ್ಲ. ಬೆಲ್ಲ ಇಲ್ಲದಿದ್ದರೂ ಬೇವಿನ ಮರ ಚಿಗುರುತ್ತದೆ. ಬೇವು ಇಲ್ಲದಿದ್ದರೂ ಗಾಣ ತಿರುಗುತ್ತದೆ. ಯುಗಾದಿ ದಿನ ನಾವು ಅವೆರಡನ್ನೂ ಒಂದು ಬಟ್ಟಲಿಗೆ ಹಾಕುತ್ತೇವೆ, ಅಷ್ಟೇ. ಜರ್ಮನ್ ತತ್ವಜ್ಞಾನಿ ಕಾಂಟ್ 1763ರಲ್ಲಿ ಇಂಥದ್ದಕ್ಕೊಂದು ಉದಾಹರಣೆ ಕೊಟ್ಟಿದ್ದ: ಪೋರ್ಚುಗಲ್‌ನಿಂದ ಬ್ರೆಜಿಲ್‌ಗೆ ಹೊರಟ ಹಡಗು. ಮೂಡಣ ಗಾಳಿ ಮುಂದಕ್ಕೆ ತಳ್ಳುತ್ತದೆ, ಪಡುವಣ ಗಾಳಿ ಹಿಂದಕ್ಕೆ. ಕೂಡಿ ಕಳೆದರೆ ಎಷ್ಟು ದೂರ ಹೋಯಿತು ಅಂತ ಗೊತ್ತಾಗುತ್ತದೆ. ಎದುರಾಬದುರಾ ನಿಂತಿವೆ, ನಿಜ. ಆದರೆ ಒಂದು ಗಾಳಿ ಹುಟ್ಟಲು ಇನ್ನೊಂದು ಬೇಕಾಗಿಲ್ಲ.

ಹಾಗಾದರೆ ವೈರುಧ್ಯ ಎಲ್ಲಿದೆ? ನನ್ನ ಮೇಜಿನ ಮೇಲೆ, ಖಾತೆ ಪುಸ್ತಕದಲ್ಲಿ. ಇದನ್ನು ನಾನು ಹುಡುಕಿದ್ದಲ್ಲ. ಸಾಲ ಮತ್ತು ಆಸ್ತಿ ಎರಡು ಬೇರೆ ಬೇರೆ ಜಾತಿಯ ಸೊತ್ತಲ್ಲ, ಒಬ್ಬನಿಗೆ ಸಾಲವಾಗಿದ್ದೇ ಇನ್ನೊಬ್ಬನಿಗೆ ಆಸ್ತಿ ಅಂತ ಇನ್ನೊಬ್ಬ ಜರ್ಮನ್ ತತ್ವಜ್ಞಾನಿ ಹೆಗೆಲ್ ತನ್ನ ತರ್ಕಶಾಸ್ತ್ರದ ಪಾಠದಲ್ಲೇ ಹೇಳಿದ್ದ. ಆ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ದಿನಾ ಬರೆಯುವುದೇ ಅದನ್ನಲ್ವಾ!

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಒಬ್ಬ ರೈತನನ್ನು ತಗೊಳ್ಳಿ. ಮುನಿರಾಬಾದ್‌ನಲ್ಲಿ ಹೊರಟ ನೀರು ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆ ದಾಟಿ ಇವನ ಹೊಲಕ್ಕೆ ಬರಬೇಕು. ಬಂದರೆ ಬಂತು. ಬಿತ್ತುವ ಮುಂಚೆ ಬೀಜಕ್ಕೆ, ಗೊಬ್ಬರಕ್ಕೆ, ಔಷಧಿಗೆ ಅಂಗಡಿ ಮುಂಗಡ ಕೊಡುತ್ತದೆ. ಬೆಳೆದ ಮಾಲು ಅದೇ ಅಂಗಡಿಗೆ ಬರಬೇಕು. ಹಾಗಂತ ಎಲ್ಲೂ ಬರೆದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಮಾಲು ಬಂದ ದಿನ ನಾನು ಪಟ್ಟಿ ಬರೆಯುತ್ತೇನೆ. ಮೇಲೆ ತೂಕ, ರೇಟು, ಒಟ್ಟು. ಕೆಳಗೆ ಹಮಾಲಿ ಕಳೆ, ಮುಂಗಡ ಕಳೆ, ಬಡ್ಡಿ ಕಳೆ. ರೈತ ಮೇಲಿನ ಅಂಕಿ ನೋಡುವುದೇ ಇಲ್ಲ. ನೇರ ಕೆಳಗೆ ಬೆರಳಿಡುತ್ತಾನೆ. ‘ಸರ, ಇದೇನು, ಇಷ್ಟ ಉಳೀತಾ?’

ಈಗ ಸಾಹುಕಾರರ ಕಡೆಯಿಂದ ನೋಡಿ. ರೈತ ಪೂರ್ತಿ ಸಾಲ ತೀರಿಸಿದರೆ ಅವರಿಗೆ ಕಸಿವಿಸಿ, ಮುಂದಿನ ವರ್ಷ ಇವನು ಬೇರೆ ಅಂಗಡಿಗೆ ಹೋಗಬಹುದು. ರೈತ ಪೂರ್ತಿ ಮುಳುಗಿದರೂ ಕಷ್ಟ, ಕೊಟ್ಟ ದುಡ್ಡೇ ಹೋಯಿತು. ಅವನು ಮುಳುಗಲೂಬಾರದು, ದಡ ಸೇರಲೂಬಾರದು. ಅಂಗಡಿ ಬದುಕುವುದು ಆ ಸಾಲದ ಮೇಲೆ. ಆದರೆ ಆ ಸಾಲವೇ ಸಾಲಗಾರನನ್ನು ತಿಂದು, ಕೊನೆಗೆ ಅಂಗಡಿಯ ಬುಡಕ್ಕೂ ಬರುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಾರರು, ಹಾಗಂತ ನೆಮ್ಮದಿಯಾಗಿಯೂ ಇರಲಾರರು. ಇದರಲ್ಲಿ ಯಾರೂ ಕೆಟ್ಟವರಾಗಬೇಕಿಲ್ಲ. ನಮ್ಮ ಸಾಹುಕಾರರು ರೈತರ ಮನೆ ಮದುವೆಗೆ ಹೋಗಿ ಮುಯ್ಯಿ ಹಾಕಿ ಬರುತ್ತಾರೆ. ಬೀಗರು ಹೇಳಿದ ನಗು ಅಲ್ಲಿಯೂ ಇದೆ. ಬಡ್ಡಿ ಮಾತ್ರ ನಗುವುದಿಲ್ಲ.

ಇದನ್ನು ನಾನು ಹಚ್ಚಿದೆನಾ? ನಾನು ಬರೀ ಪಟ್ಟಿ ಬರೆದವನು.

ನಿಜ ಹೇಳಬೇಕೆಂದರೆ, ಜಗಳದ ಪ್ರಶ್ನೆ ಬಿಟ್ಟು ಇನ್ನೊಂದನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೇನೆ: ‘ಎಲ್ಲದಕ್ಕೂ ವೈರುಧ್ಯ ಅಂತೀಯಲ್ಲ, ಹಾಗಾದರೆ ನಿನ್ನ ಮಾತು ಸುಳ್ಳಾಗೋದು ಯಾವಾಗ?’ ಇದು ಗಟ್ಟಿ ಪ್ರಶ್ನೆ. ತತ್ವಜ್ಞಾನಿ ಕಾರ್ಲ್ ಪಾಪರ್ 1937ರಲ್ಲಿ ನ್ಯೂಜಿಲೆಂಡಿನಲ್ಲಿ ಮಾಡಿದ ಒಂದು ಭಾಷಣದಲ್ಲಿ ಇದನ್ನೇ ಎತ್ತಿದ. ಒಂದಕ್ಕೊಂದು ವಿರುದ್ಧವಾದ ಎರಡು ಹೇಳಿಕೆಗಳನ್ನೂ ಒಪ್ಪಿಕೊಂಡರೆ ತರ್ಕದ ಪ್ರಕಾರ ಏನು ಬೇಕಾದರೂ ಸಾಬೀತು ಮಾಡಬಹುದು, ಆಗ ಸಿದ್ಧಾಂತ ಏನನ್ನೂ ಹೇಳಿದಂತಾಗುವುದಿಲ್ಲ ಅಂದ. ಈ ಏಟು ಎಂಗೆಲ್ಸ್‌ಗೆ ಸ್ವಲ್ಪ ತಗಲುತ್ತದೆ. ಚಲಿಸುವ ವಸ್ತು ಒಂದೇ ಕ್ಷಣದಲ್ಲಿ ಒಂದು ಜಾಗದಲ್ಲಿ ಇರುತ್ತದೆ, ಇರುವುದೂ ಇಲ್ಲ ಅಂತ ಅವನು ಬರೆದಿದ್ದ. ಆ ಮಾತನ್ನು ಹೊತ್ತುಕೊಂಡು ತಿರುಗಲು ನಾನು ತಯಾರಿಲ್ಲ. ಆದರೆ ನನ್ನ ಪಟ್ಟಿಗೆ ಆ ಏಟು ತಗಲುವುದಿಲ್ಲ. ರೈತ ಒಂದೇ ಹೊತ್ತಿಗೆ ಸಾಲಗಾರ ಹೌದು, ಅಲ್ಲವೂ ಹೌದು ಅಂತ ನಾನು ಹೇಳುತ್ತಿಲ್ಲ. ಅಂಗಡಿಗೂ ರೈತನಿಗೂ ಇರುವ ನಂಟು ಅದೇ ನಂಟಿನಿಂದಲೇ ಸವೆಯುತ್ತದೆ ಅನ್ನುತ್ತಿದ್ದೇನೆ. ಸುಳ್ಳು ಮಾಡಬೇಕಾ? ಸಾಲ ತೀರಿಸಿದ ರೈತನನ್ನು ನೋಡಿ ಖುಷಿಪಡುವ ಅಂಗಡಿಗಳೇ ಜಾಸ್ತಿ ಅಂತ ತೋರಿಸಿ.

ಪಾಪರ್ ಮಾತಾಡಿದ ಅದೇ 1937ರ ಆಗಸ್ಟ್‌ನಲ್ಲಿ ಚೀನಾದ ಕಮ್ಯುನಿಸ್ಟ್ ನಾಯಕ ಮಾವೋ ಯೆನಾನ್‌ನಲ್ಲಿ ವೈರುಧ್ಯದ ಬಗ್ಗೆ ಬರೆದ. ತಕ್ಕ ಬಿಸಿ ಸಿಕ್ಕರೆ ಮೊಟ್ಟೆ ಮರಿಯಾಗುತ್ತದೆ, ಕಲ್ಲು ಆಗುವುದಿಲ್ಲ, ಒಳಗಿರುವುದೇ ಮುಖ್ಯ ಅನ್ನುವ ಮಾತು ಅಲ್ಲಿಯದು. ಅನೇಕ ವೈರುಧ್ಯಗಳಲ್ಲಿ ಒಂದು ಮುಖ್ಯವಾಗಿರುತ್ತದೆ, ಕಾಲಕ್ಕೆ ತಕ್ಕಂತೆ ಅದು ಬದಲಾಗುತ್ತದೆ ಅಂತಲೂ ಹೇಳಿದ. ಆಗಷ್ಟೇ ಜಪಾನ್ ಯುದ್ಧ ಶುರು ಮಾಡಿತ್ತು, ನಿನ್ನೆಯ ಶತ್ರುಗಳ ಜೊತೆ ಕೈ ಜೋಡಿಸಬೇಕಿತ್ತು. ಅಲ್ಲಿಗೆ ಅದು ಕೆಲಸದ ಮಾತು.

ನಮ್ಮಲ್ಲಿ ಅದು ಬಾಯಿ ಮುಚ್ಚಿಸುವ ಮಾತಾಗಿದೆ. ಒಂದು ಸಭೆಯಲ್ಲಿ ಒಬ್ಬ ಹುಡುಗ ಎದ್ದು ನಿಂತು, ತನ್ನ ಊರಿನ ಹೋಟೆಲಿನಲ್ಲಿ ತಮ್ಮವರಿಗೆ ಬೇರೆ ಗ್ಲಾಸು ಇಡುತ್ತಾರೆ, ಇದರ ಬಗ್ಗೆ ಏನು ಮಾಡೋಣ ಅಂದ. ವೇದಿಕೆ ಮೇಲಿದ್ದ ಹಿರಿಯರು, ‘ತಮ್ಮಾ, ಸದ್ಯಕ್ಕ ಅದು ಮುಖ್ಯ ವೈರುಧ್ಯ ಅಲ್ಲ’ ಅಂದರು. ಹುಡುಗ ಕೂತ. ಜಾತಿ ಅನ್ನುವುದು ಬರೀ ಕೆಲಸದ ವಿಭಜನೆ ಅಲ್ಲ, ಕೆಲಸಗಾರರದೇ ವಿಭಜನೆ ಅಂತ ಅಂಬೇಡ್ಕರ್ 1936ರಲ್ಲೇ ಬರೆದಿದ್ದರು. ಕ್ರಾಂತಿಗೆ ಮುಂಚೆ ಅದನ್ನು ಎದುರಿಸದಿದ್ದರೆ ಕ್ರಾಂತಿಯ ನಂತರವಾದರೂ ಎದುರಿಸಲೇಬೇಕು ಅಂತ ಸಮಾಜವಾದಿಗಳಿಗೆ ಎಚ್ಚರಿಕೆಯನ್ನೂ ಕೊಟ್ಟಿದ್ದರು.

ಮತ್ತೆ ನನ್ನ ಖಾತೆ ಪುಸ್ತಕಕ್ಕೇ ಬನ್ನಿ. ಪಹಣಿ ಇಲ್ಲದವನಿಗೆ ಅಂಗಡಿ ಮುಂಗಡ ಕೊಡುವುದಿಲ್ಲ. ಅವನ ಹೆಸರೇ ಪುಸ್ತಕದಲ್ಲಿ ಇರುವುದಿಲ್ಲ. ಅವನು ಸಾಲಗಾರ ರೈತನ ಹೊಲದಲ್ಲಿ ಕೂಲಿ. ಪಹಣಿ ಯಾವ ಕೇರಿಯವರ ಹೆಸರಲ್ಲಿದೆ, ಯಾವ ಕೇರಿಯವರ ಹೆಸರಲ್ಲಿ ಇಲ್ಲ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂದರೆ ನಾನು ಇಷ್ಟೊತ್ತು ಕೊಚ್ಚಿಕೊಂಡ ಸಾಲದ ವೈರುಧ್ಯದೊಳಗೆ ಬರಬೇಕಾದರೂ ಮೊದಲು ಜಾತಿಯ ಬಾಗಿಲು ದಾಟಬೇಕು. ಹೀಗಿರುವಾಗ ಅದನ್ನು ಆಮೇಲೆ ನೋಡೋಣ ಅನ್ನುವುದು ಯಾವ ಲೆಕ್ಕ? ಬರುವ ಭಾನುವಾರ ಇದನ್ನೇ ಮಾತಾಡಬೇಕು ಅಂತಿದ್ದೇವೆ. ಬರುವವರು ಬರಬಹುದು, ಚಹಾ-ಮಿರ್ಚಿ ನಮ್ಮ ಖರ್ಚು.