ಶ್ರಾವಣದ ಭಾನುವಾರ, ಸೋಯಾ ಕೈಮ ಉಂಡೆ ಸಾರು

ಭಾನುವಾರ, 3 ಆಗಸ್ಟ್ 2025

ಶ್ರಾವಣ ಹಿಡಿದು ಒಂದು ವಾರ ದಾಟಿತು. ಈ ತಿಂಗಳು ಪೂರ್ತಿ ನಮ್ಮ ಮನೆಯಲ್ಲಿ ಬಾಡು ಇಲ್ಲ. ವಾರದ ದಿನಗಳಲ್ಲಿ ಗೊತ್ತೇ ಆಗುವುದಿಲ್ಲ. ಭಾನುವಾರ ಮಧ್ಯಾಹ್ನ ಮಾತ್ರ ಎಲ್ಲರ ನಾಲಿಗೆಯೂ ಅದನ್ನೇ ಹುಡುಕುತ್ತದೆ. ಅದಕ್ಕೇ ಇವತ್ತು ಸೋಯಾ, ಅಂದರೆ ಅಂಗಡಿಯ ಮೀಲ್ ಮೇಕರ್, ಹಾಕಿ ಕೈಮ ಉಂಡೆ ಸಾರು ಮಾಡಿದೆ. ಮಾಡಿದ್ದನ್ನು ಮರೆಯುವ ಮುಂಚೆ ಬರೆದಿಡುತ್ತೇನೆ.

ಸೋಯಾ ಉಂಡೆ ಸಾರಿಗೆ ಬಿದ್ದ ತಕ್ಷಣ ಒಡೆದುಹೋಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಅದಕ್ಕೆ ಕಾರಣ ಇದೆ. ಮಟನ್ ಕೈಮಕ್ಕೆ ಉಪ್ಪು ಹಾಕಿ ನಾದಿದರೆ ಅದರಲ್ಲಿರುವ ಪ್ರೋಟೀನೇ ಜಿಗುಟಾಗುತ್ತದೆ, ಬೇಯುವಾಗ ಉಂಡೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸೋಯಾದಲ್ಲೂ ಪ್ರೋಟೀನ್ ಬೇಕಾದಷ್ಟಿದೆ, ಒಣ ಸೋಯಾ 100 ಗ್ರಾಂ ತೆಗೆದುಕೊಂಡರೆ ಅರ್ಧದಷ್ಟು ಅದೇ. ಆದರೆ ಮೀಲ್ ಮೇಕರ್ ಅನ್ನುವುದು ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಕಾರ್ಖಾನೆಯಲ್ಲಿ ಬಿಸಿ ಮತ್ತು ಒತ್ತಡ ಕೊಟ್ಟು, ಸಣ್ಣ ತೂತಿನಿಂದ ಹೊರಗೆ ತಳ್ಳಿ, ಉಬ್ಬಿಸಿ ಒಣಗಿಸಿದ್ದು. 1960ರ ದಶಕದಲ್ಲಿ ಅಮೆರಿಕದ ಆರ್ಚರ್ ಡೇನಿಯಲ್ಸ್ ಮಿಡ್‌ಲ್ಯಾಂಡ್ ಕಂಪನಿ ಶುರು ಮಾಡಿದ ವಿದ್ಯೆ ಇದು. ಹಾಗಾಗಿ ನಮ್ಮ ಕೈಗೆ ಬರುವಾಗಲೇ ಅದು ಬೆಂದು ಗಟ್ಟಿಯಾಗಿರುತ್ತದೆ. ಎಷ್ಟು ನಾದಿದರೂ ಒಂದಕ್ಕೊಂದು ಅಂಟುವುದಿಲ್ಲ. ಎಣ್ಣೆ ತೆಗೆದಿರುವುದರಿಂದ ಒಳಗೆ ಜಿಡ್ಡೂ ಇಲ್ಲ. ಅಂಟು, ಜಿಡ್ಡು ಎರಡನ್ನೂ ನಾವೇ ಕೊಡಬೇಕು.

ಅಂಟು ಕೊಡುವುದು ಹುರಿಗಡಲೆ. ಮಟನ್ ಉಂಡೆಗೂ ನಮ್ಮ ಕಡೆ ಇದನ್ನೇ ಹಾಕುವುದು. ಹುರಿದಿರುವುದರಿಂದ ಅದರ ಪುಡಿ ನೀರನ್ನು ಬೇಗ ಹೀರುತ್ತದೆ, ಹಸಿ ಕಡಲೆಹಿಟ್ಟಿನ ವಾಸನೆಯೂ ಬರುವುದಿಲ್ಲ. ಫ್ರೀಜರ್‌ನಲ್ಲಿ ಸಿಗುವ ಮಾಂಸವಿಲ್ಲದ ಉಂಡೆಗಳ ಪ್ಯಾಕೆಟ್ ತಿರುಗಿಸಿ ನೋಡಿ. ಎಷ್ಟೋ ಪ್ಯಾಕೆಟ್‌ಗಳಲ್ಲಿ ಮೀಥೈಲ್ ಸೆಲ್ಯುಲೋಸ್ ಅಂತ ಇರುತ್ತದೆ. ಬಿಸಿಯಾದಾಗ ಗಟ್ಟಿಯಾಗಿ, ಆರಿದಾಗ ಸಡಿಲವಾಗುವ ವಸ್ತು ಅದು. ಅದರ ಮೇಲೆ ನನಗೇನೂ ಕೋಪ ಇಲ್ಲ. ಆದರೆ ಮನೆಯಲ್ಲಿ ಅರ್ಧ ಲೋಟ ಹುರಿಗಡಲೆ ಇದ್ದರೆ ಅದರ ಅಗತ್ಯವೇ ಬೀಳುವುದಿಲ್ಲ. ಐಕಿಯಾದವರು 2020ರಲ್ಲಿ ತಂದ ಉಂಡೆಯಲ್ಲೂ ಬಟಾಣಿ ಪ್ರೋಟೀನ್ ಜೊತೆಗೆ ಓಟ್ಸ್, ಆಲೂಗಡ್ಡೆ, ಈರುಳ್ಳಿ, ಸೇಬು ಇವೆ. ಅಲ್ಲೂ ಧಾನ್ಯ, ಗೆಡ್ಡೆಯ ಸಹಾಯ ಬೇಕೇ ಬೇಕು ಅಲ್ವಾ?

ಸೋಯಾ 100 ಗ್ರಾಂ ತೆಗೆದುಕೊಂಡೆ. ಕುದಿಯುವ ಉಪ್ಪುನೀರಿಗೆ ಹಾಕಿ ಐದು ನಿಮಿಷ ಬಿಟ್ಟು, ಬಸಿದು, ತಣ್ಣೀರಲ್ಲಿ ಎರಡು ಸಲ ತೊಳೆದೆ. ಮೊದಲನೇ ನೀರು ಹಳದಿಯಾಗಿ, ನೊರೆನೊರೆಯಾಗಿ ಬರುತ್ತದೆ. ಆ ಹಸಿ ಕಾಳಿನ ವಾಸನೆ ಜಾಸ್ತಿ ಹೋಗುವುದು ಅದರ ಜೊತೆಗೇ. ಆಮೇಲೆ ಹಿಂಡುವುದು. ಇಲ್ಲಿ ಅವಸರ ಮಾಡಬಾರದು. ಹಿಡಿ ಹಿಡಿಯಾಗಿ ತೆಗೆದುಕೊಂಡು ಒತ್ತಬೇಕು. ಮೊದಲು ಧಾರೆಯಾಗಿ ನೀರು ಇಳಿಯುತ್ತದೆ, ಆಮೇಲೆ ಹನಿ. ಹನಿಯೂ ನಿಂತ ಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ತಿರುಚಿದರೆ ಮತ್ತೆ ಕಾಲು ಲೋಟ ನೀರು ಬರುತ್ತದೆ! ಆ ಜಾಗಕ್ಕೆ ಮಸಾಲೆ ಇಳಿಯಬೇಕು. ನೀರು ಕೂತಿದ್ದರೆ ಮಸಾಲೆ ಹೊರಗೇ ಉಳಿಯುತ್ತದೆ, ಉಂಡೆ ತಿಂದರೆ ಸಪ್ಪೆ.

ಮಿಕ್ಸಿಯಲ್ಲಿ ನೀರು ಹಾಕದೆ, ಬಿಟ್ಟು ಬಿಟ್ಟು ತಿರುಗಿಸಿದೆ. ನುಣ್ಣಗೆ ಬೇಡ, ತರಿತರಿ ಇರಲಿ. ಅಣಬೆ ಸ್ವಲ್ಪ ಇತ್ತು. ಸಣ್ಣಗೆ ಹೆಚ್ಚಿ, ಒಣ ಬಾಣಲೆಯಲ್ಲಿ ನೀರೆಲ್ಲ ಆರಿ ಕಂದುಬಣ್ಣ ಬರುವ ತನಕ ಹುರಿದೆ. ಬಾಡಿನ ಸಾರಿನಲ್ಲಿ ಬಾಯಿತುಂಬ ಬರುವ ಆ ರುಚಿಗೆ ಸೋಯಾಕ್ಕಿಂತ ಅಣಬೆಯೇ ಹತ್ತಿರ.

ಮಸಾಲೆ ಅತ್ತೆಯದು, ಒಂದಿಷ್ಟೂ ಬದಲಿಸಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಎಣ್ಣೆಯಲ್ಲಿ ಬಾಡಿಸಿ, ಚಕ್ಕೆ, ಲವಂಗ, ಗಸಗಸೆ, ತೆಂಗಿನಕಾಯಿ, ಕೊತ್ತಂಬರಿ ಸೊಪ್ಪು, ಧನಿಯಾ ಪುಡಿ, ಖಾರದ ಪುಡಿ, ಅರಿಶಿನ ಹಾಕಿ ರುಬ್ಬಿದ್ದು. ಇದರಲ್ಲಿ ಮೂರನೇ ಒಂದು ಭಾಗ ಉಂಡೆಗೆ, ಉಳಿದದ್ದು ಸಾರಿಗೆ. ಸೋಯಾ, ಅಣಬೆ, ಮಸಾಲೆ, ಹುರಿಗಡಲೆ ಪುಡಿ, ಎರಡು ಚಮಚ ತೆಂಗಿನೆಣ್ಣೆ, ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಉಪ್ಪು. ಸಬ್ಬಸಿಗೆ ಬಿಡಬೇಡಿ. ಅದಿಲ್ಲದಿದ್ದರೆ ಅದು ಬೇರೆ ಯಾವುದೋ ಉಂಡೆ, ನಮ್ಮ ಮನೆಯ ಕೈಮ ಉಂಡೆ ಅಲ್ಲ. ಎಲ್ಲ ಕಲಸಿ ಕಾಲು ಗಂಟೆ ಮುಚ್ಚಿಟ್ಟೆ. ಹುರಿಗಡಲೆ ತೇವ ಹೀರಿಕೊಂಡು ಹಿಟ್ಟು ತಾನಾಗೇ ಗಟ್ಟಿಯಾಯಿತು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಬೆರಳಿನ ಗುರುತು ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಇನ್ನೊಂದು ಚಮಚ ಪುಡಿ.

ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸಿದೆ. ನುಚ್ಚಿನುಂಡೆ ಬೇಯಿಸುವ ಹಾಗೇ. ಮಟನ್ ಉಂಡೆಯನ್ನು ನೇರವಾಗಿ ಕುದಿಯುವ ಸಾರಿಗೆ ಬಿಡುತ್ತೇವೆ. ಇದನ್ನು ಹಾಗೆ ಬಿಟ್ಟರೆ ಹಿಟ್ಟು ಬಿಗಿಯುವ ಮುಂಚೆಯೇ ಮೇಲಿನ ಪದರ ಸಾರಿಗೆ ಕರಗುತ್ತದೆ. ಹಬೆಯಲ್ಲಿ ಬೆಂದು, ಆರಿದ ಮೇಲೆ ಆ ಭಯ ಇಲ್ಲ.

ಸಾರು ಚೆನ್ನಾಗಿ ಕುದಿದು ಎಣ್ಣೆ ಮೇಲೆ ಬಂದಾಗ ಉರಿ ತಗ್ಗಿಸಿ ಉಂಡೆ ಬಿಟ್ಟೆ. ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಸೌಟು ಹಾಕ್ಬೇಡಮ್ಮಾ, ಪಾತ್ರೆ ಹಿಡ್ಕೊಂಡು ಅಲ್ಲಾಡ್ಸು ಸಾಕು" ಅಂದರು. ಹಾಗೇ ಮಾಡಿದೆ. ಹತ್ತು ನಿಮಿಷ ಕಳೆದಾಗ ಉಂಡೆ ಸಾರು ಕುಡಿದು ಒಂದು ಸುತ್ತು ದಪ್ಪಗಾಗಿದ್ದವು. ಒಂದನ್ನು ಮುರಿದು ನೋಡಿದೆ. ಒಳಗೆ ಪದರ ಪದರ, ನಡುವೆ ಹಸಿರು ಸಬ್ಬಸಿಗೆ, ಬಿಸಿ ಹೊಗೆ. ಮಟನ್ನಿನದೇ ರುಚಿ ಅಂತ ನಾನು ಹೇಳುವುದಿಲ್ಲ. ಅದು ಬೇರೆ, ಇದು ಬೇರೆ. ಆದರೆ ರಾಗಿಮುದ್ದೆ ಮುರಿದು ಈ ಸಾರಿನಲ್ಲಿ ಅದ್ದಿ ನುಂಗಿ, ಮೇಲೆ ಅರ್ಧ ಉಂಡೆ ಬಾಯಿಗಿಟ್ಟರೆ ಭಾನುವಾರದ ಊಟ ಅನ್ನಿಸುತ್ತದೆ. ಮಾವ ಎರಡನೇ ಸಲ ತಟ್ಟೆ ಮುಂದಿಟ್ಟು "ಸಾರೂ ಹಾಕಮ್ಮಾ" ಅಂದರು. ನನಗೆ ಅದಕ್ಕಿಂತ ಖುಷಿ ಇನ್ನೇನು ಬೇಕು!

ಮುಂದಿನ ಸಲ ಅಣಬೆ ಇನ್ನೂ ಸ್ವಲ್ಪ ಹೆಚ್ಚಿಸಬೇಕು, ಚಕ್ಕೆ ಒಂದು ಚೂರು ಕಡಿಮೆ. ಎಳೆ ಹಲಸಿನಕಾಯಿ ಬರುವ ಕಾಲಕ್ಕೆ ಅದನ್ನು ಬೇಯಿಸಿ ಜಜ್ಜಿ, ಅರ್ಧ ಸೋಯಾ ಜೊತೆ ಮಾಡಬೇಕು ಅಂತ ಆಸೆ ಇದೆ. ಹಲಸಿನಕಾಯಿಯಲ್ಲಿ ನಾರು ಚೆನ್ನಾಗಿದೆ, ಪ್ರೋಟೀನ್ ಕಡಿಮೆ. ಎರಡೂ ಸೇರಿದರೆ ಸರಿಹೋಗುತ್ತದೆ.

ಹಬೆಯಲ್ಲಿ ಬೆಂದ ಉಂಡೆ ಸ್ವಲ್ಪ ಎತ್ತಿಟ್ಟಿದ್ದೇನೆ. ನಾಳೆ ಸಂಜೆ ಕಾವಲಿಯಲ್ಲಿ ಎಣ್ಣೆ ಬಿಟ್ಟು ಕೆಂಪಗೆ ಹುರಿದು, ನಿಂಬೆಹುಳಿ ಹಿಂಡಿ ಮಕ್ಕಳಿಗೆ ಕೊಡುತ್ತೇನೆ. ಶುಕ್ರವಾರ ವರಮಹಾಲಕ್ಷ್ಮಿ. ಗುರುವಾರದಿಂದ ಅಡುಗೆಮನೆಗೆ ಈರುಳ್ಳಿ, ಬೆಳ್ಳುಳ್ಳಿ ಬರುವುದಿಲ್ಲ. ಅಷ್ಟರೊಳಗೆ ಖಾಲಿಯಾಗಬೇಕು, ಆಗುತ್ತದೆ.