ಹುಳು ಹಣ್ಣಾಗುವ ವಾರ

ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ನಮ್ಮ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ನಾನು ಓದುತ್ತಿದ್ದಾಗ, ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ರಾಮನಗರದ ಕಡೆಯ ಒಂದು ಹಳ್ಳಿಗೆ ಹೋಗಿ, ಭಾನುವಾರದ ಆರಾಧನೆಯಲ್ಲಿ ಅಲ್ಲಿನ ಸಭಾಪಾಲಕರಿಗೆ ನೆರವಾಗಿ, ಸಂಜೆ ಹಿಂದಿರುಗುವುದು ನನ್ನ ಪಾಲಿಗೆ ಬಂದ ಕೆಲಸವಾಗಿತ್ತು. ಆ ಸಭಾಪಾಲಕರು ಕಳೆದ ತಿಂಗಳು ತೀರಿಕೊಂಡರು. ಊರಿನವರೆಲ್ಲ ಅವರನ್ನು ಅಯ್ಯನವರು ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.

ಅವರ ತಾತ ಮೆಥಡಿಸ್ಟರ ವೆಸ್ಲಿಯನ್ ಮಿಷನ್ನಿನಲ್ಲಿ ಉಪದೇಶಿಯಾಗಿದ್ದವರು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದ ಮೇಲೂ ಆ ಮನೆಯ ಹಿರಿಯರು ತಮ್ಮನ್ನು ವೆಸ್ಲಿಯನ್ನರೆಂದೇ ಹೇಳಿಕೊಳ್ಳುತ್ತಿದ್ದರಂತೆ. ಅಯ್ಯನವರಿಗೆ ಆ ಹಮ್ಮು ಇರಲಿಲ್ಲ. ಇದ್ದದ್ದು ಕನ್ನಡದ ಹಮ್ಮು. 1894ರ ಕಿಟೆಲ್ ನಿಘಂಟಿನ ಮರುಮುದ್ರಣವೊಂದು ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು. ನಾನು ಇಂಗ್ಲಿಷಿನಲ್ಲಿ ಯೋಚಿಸಿ ಬರೆದುಕೊಂಡು ಹೋದ ಪ್ರಸಂಗವನ್ನು, ಎಂದರೆ ಆರಾಧನೆಯ ಉಪದೇಶವನ್ನು, ಗಟ್ಟಿಯಾಗಿ ಓದಿಸಿ, "ಇದನ್ನೇ ನಿಮ್ಮ ಅಜ್ಜಿಗೆ ಹೇಳಬೇಕಾದರೆ ಹೇಗೆ ಹೇಳುತ್ತೀರಿ?" ಎಂದು ಕೇಳುತ್ತಿದ್ದರು.

ನನ್ನ ಮೊದಲ ಪ್ರಸಂಗವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆ ಊರಿನಲ್ಲಿ ರೇಷ್ಮೆ ಸಾಕದ ಮನೆ ಕಡಿಮೆ. ನಾಲ್ಕನೆಯ ಜ್ವರದಿಂದ, ಎಂದರೆ ನಾಲ್ಕನೆಯ ಸಲ ಪೊರೆ ಕಳಚಿ, ಎದ್ದ ಹುಳು ತನ್ನ ಆಯುಷ್ಯಕ್ಕೆ ಬೇಕಾದ ಸೊಪ್ಪಿನ ಮುಕ್ಕಾಲು ಪಾಲಿಗೂ ಹೆಚ್ಚನ್ನು ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆಂಬುದಾಗಲಿ, ಹಣ್ಣಾದ, ಎಂದರೆ ಮೇವು ಬಿಟ್ಟು ನೂಲು ಬಿಡಲು ಸಿದ್ಧವಾದ, ಹುಳುವನ್ನು ಹೊತ್ತು ಮೀರದಂತೆ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕೆಂಬುದಾಗಲಿ ನನಗೆ ತಿಳಿದಿರಲಿಲ್ಲ. ಕೃಪೆಯ ಸಿದ್ಧಾಂತವನ್ನು ನಲವತ್ತು ನಿಮಿಷ ವಿವರಿಸಿದೆ. ಹಿಂದಿನ ಸಾಲುಗಳಿಂದ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಹೊದ್ದು ಎದ್ದರು. ಅಯ್ಯನವರು ನನ್ನ ಮಾತು ಮುಗಿಯುವುದನ್ನು ಕಾಯದೆ, ಶ್ರುತಿಯ ಹಂಗಿಲ್ಲದ ತಮ್ಮ ಕಂಠದಲ್ಲಿ ಕೀರ್ತನೆಯೊಂದನ್ನು ಎತ್ತಿಕೊಂಡರು. ಸಭೆ ಎದ್ದು ಹಾಡಿತು, ನಾನು ಕಾಗದ ಮಡಿಚಿಕೊಂಡೆ. ಮಧ್ಯಾಹ್ನ ಮುದ್ದೆ ಮುರಿಯುತ್ತ ಅವರು ಹೇಳಿದ್ದು ಇಷ್ಟೇ: "ಹುಳು ಹಣ್ಣಾಗುವ ವಾರ ಇಪ್ಪತ್ತು ನಿಮಿಷ ಸಾಕು."

ಅವರ ಜೇಬಿನ ಪುಸ್ತಕದಲ್ಲಿ ದೀಕ್ಷಾಸ್ನಾನ, ಮದುವೆಗಳ ತಾರೀಖಿನ ಪಕ್ಕದಲ್ಲೇ ಯಾರ ಮನೆಗೆ ಚಾಕಿಯ ಮರಿಹುಳು ಯಾವಾಗ ಬಂತು, ಯಾರ ಹುಳು ಎಷ್ಟನೆಯ ಜ್ವರದಲ್ಲಿದೆ ಎಂಬುದೂ ಇರುತ್ತಿತ್ತು. ಮನೆ ಭೇಟಿಗೆ ಹೋದರೆ ಕೈಕಾಲು ತೊಳೆದು ಹುಳುವಿನ ಮನೆಗೇ ನಡೆದು, ತಟ್ಟೆಗಳಿಗೆ ಸೊಪ್ಪು ಹಾಕುತ್ತ ಕಷ್ಟಸುಖ ಕೇಳಿ, ಅಲ್ಲೇ ಪ್ರಾರ್ಥನೆ ಮಾಡಿ ಬರುತ್ತಿದ್ದರು. ಈ ಓಡಾಟದಲ್ಲಿ ಸಭೆಯ ಲೆಕ್ಕಪತ್ರ ಹಿಂದೆ ಬೀಳುತ್ತಿದ್ದುದೂ ನಿಜ. ಮೇಲಿನಿಂದ ಬಂದ ಪತ್ರಗಳಿಗೆ ಅವರು ಉತ್ತರ ಬರೆದದ್ದನ್ನು ನಾನು ಕಂಡದ್ದು ಅಪರೂಪ.

ನಿವೃತ್ತಿಯಾದಾಗ ಸಭೆಯ ಮನೆಯನ್ನು ಬಿಟ್ಟುಕೊಡಬೇಕಾಯಿತು. ಸ್ವಂತ ಸೂರಿಲ್ಲದ ಅವರು ಬೆಂಗಳೂರಿನಲ್ಲಿ ಮಗಳ ಮನೆ ಸೇರಿದರು. ಮೂರನೆಯ ಮಹಡಿಯ ಆ ಮನೆಯಲ್ಲಿ ನನ್ನನ್ನು ಕಂಡಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಧಾರಣೆ.

ಶವಸಂಸ್ಕಾರದ ದಿನ ಊರಿನಿಂದ ಒಂದು ಟೆಂಪೊ ಬಂತು. ಹುಳು ಹಣ್ಣಾಗುವ ವಾರವಾದ್ದರಿಂದ ಮನೆಗೊಬ್ಬರಂತೆ, ಬೆಳಗಿನ ಸೊಪ್ಪು ಹಾಕಿಯೇ ಹೊರಟಿದ್ದರು. ಆರಾಧನೆ ನಡೆಸಿದವರಿಗೆ ಮಗಳು ಮೊದಲೇ ಏನೋ ಹೇಳಿದ್ದಿರಬೇಕು. ಪ್ರಸಂಗ ಬೇಗನೆ ಮುಗಿಯಿತು. ಊರಿನವರು ಮಣ್ಣು ಹಾಕಿ, ಕೈ ತೊಳೆದುಕೊಂಡು, ಕಾಫಿಗೂ ನಿಲ್ಲದೆ ಟೆಂಪೊ ಹತ್ತಿದರು.