ಸಿಲೆಬಸ್ ಬಿಟ್ಟು ತಾಂಡಾದ ಮಾತು ಯಾಕೆ?

"ಅಕ್ಕೋರೆ, ಸಿಲೆಬಸ್ ಮುಗಿಸೋದು ಬಿಟ್ಟು ಮಕ್ಕಳ ಮನೆ ವಿಚಾರ ಯಾಕೆ ತೆಗೀತೀರಿ?" ಪಾಲಕರು ಕೇಳುತ್ತಾರೆ, ಸ್ಟಾಫ್ ರೂಮಿನಲ್ಲೂ ಕೇಳುತ್ತಾರೆ. ನಾನು ವಿಜಯಪುರ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಊರಿನ ಮಕ್ಕಳೂ ಇದ್ದಾರೆ, ಪಕ್ಕದ ಲಂಬಾಣಿ ತಾಂಡಾದ ಮಕ್ಕಳೂ ಇದ್ದಾರೆ.

ಒಂದು ದಿನದ ಪಾಠ ಹೇಳುತ್ತೇನೆ. ಬ್ರಿಟಿಷರ ಕಾಲದಲ್ಲಿ ರೈಲು ಬಂದು ಏನೇನಾಯಿತು ಅಂತ ಕೇಳಿದ್ದೆ. ಸಾಗಾಟ ಸುಲಭವಾಯಿತು, ವ್ಯಾಪಾರ ಬೆಳೆಯಿತು, ಎಲ್ಲ ಪುಸ್ತಕದ ಉತ್ತರ. ಆಗ ಹಿಂದಿನ ಬೆಂಚಿನಿಂದ ತಾಂಡಾದ ಹುಡುಗ ಎದ್ದ. ಅವನು ಬಾಯಿ ಬಿಡುವುದೇ ಅಪರೂಪ. "ನಮ್ಮ ಹಿರ್ಯಾರು ಎತ್ತಿನ ಮ್ಯಾಲೆ ಉಪ್ಪು, ಕಾಳು ಹೇರ್ಕೊಂಡು ಊರೂರು ತಿರುಗ್ತಿದ್ರಂತ್ರಿ. ರೈಲು ಬಂದ ಮ್ಯಾಲೆ ಆ ದಂಧೆ ಹೋತಂತ್ರಿ" ಅಂದ.

ಅವನು ಹೇಳಿದ್ದು ನಿಜ. ಸೈನ್ಯಗಳಿಗೂ ಸಂತೆಗಳಿಗೂ ದವಸ ಮುಟ್ಟಿಸುತ್ತಿದ್ದವರು ಲಂಬಾಣಿ ಜನ. ರೈಲು, ರಸ್ತೆ ಬಂದು ಆ ಕೆಲಸ ಹೋಯಿತು. ಮೇಲೆ 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಂಥ ಎಷ್ಟೋ ಸಮುದಾಯಗಳಿಗೆ ಹುಟ್ಟುಗಳ್ಳರೆಂಬ ಹಣೆಪಟ್ಟಿ ಕಟ್ಟಿತು. ದೇಶದಾದ್ಯಂತ ಅದು ರದ್ದಾದದ್ದು 1952ರಲ್ಲಿ.

"ಈಗ ಅಪ್ಪ ಅವ್ವ ಏನು ಮಾಡ್ತಾರಪ್ಪ?" ಅಂದೆ. "ದೀಪಾವಳಿ ಆದ ಮ್ಯಾಲೆ ಮಹಾರಾಷ್ಟ್ರಕ್ಕ ಕಬ್ಬು ಕಡ್ಯಾಕ ಹೋಗ್ತಾರ್ರಿ." ಅಲ್ಲಿ ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ', ಅಂದರೆ ಒಂದು ಕತ್ತಿ ಅಂತ ಲೆಕ್ಕ. ಮುಂಗಡ ಕೊಡುವುದು ಜೋಡಿಗೆ, ಕೂಲಿ ಟನ್ನಿನ ಮೇಲೆ. ಅದನ್ನು ಕೇಳಿ, ಕಬ್ಬಿನ ಹೊಲ ಇರುವ ಮನೆಯ ಹುಡುಗಿಯೊಬ್ಬಳು ಕೇಳಿದಳು: "ಅವ್ವನ ಕೂಲಿ ಅವ್ವನ ಕೈಗೆ ಯಾಕ ಕೊಡಂಗಿಲ್ರಿ?" ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ಸಂವಿಧಾನದ 39ನೇ ವಿಧಿಯ ಮಾತನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಅದು ಒಂದು ಮಗುವಿನ ಬಾಯಿಂದ ಪ್ರಶ್ನೆಯಾಗಿ ಬಂದದ್ದು ಅವತ್ತೇ.

ಮೊದಲು ನಾನೂ ತಪ್ಪು ಮಾಡಿದ್ದೇನೆ. ರಾಜ್ಯೋತ್ಸವಕ್ಕೆ ತಾಂಡಾದ ಹುಡುಗಿಯರಿಗೆ ಕನ್ನಡಿ ಕೂರಿಸಿದ ಲಂಗ ಹಾಕಿಸಿ ಕುಣಿಸಿದ್ದೆ. ಅವರ ಸಂಸ್ಕೃತಿಗೆ ಜಾಗ ಕೊಟ್ಟೆ ಅಂತ ಖುಷಿಯೂ ಪಟ್ಟಿದ್ದೆ. ಕುಣಿತ ಮುಗಿದದ್ದೇ ತಡ, ಒಬ್ಬಳು ಓಡಿಹೋಗಿ ಯೂನಿಫಾರ್ಮ್ ಹಾಕಿಕೊಂಡು ತಲೆ ತಗ್ಗಿಸಿ ಕೂತಳು. ವರ್ಷದ ಉಳಿದ ದಿನ ಅವಳ ಮನೆಮಾತನ್ನು ನಾನು ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ ಅಲ್ವಾ? ಈಗ ಪಾಠದ ಮಾತುಗಳಿಗೆ ಲಂಬಾಣಿಗರ ಭಾಷೆಯಾದ ಗೋರ್ ಬೋಲಿಯಲ್ಲಿ ಏನಂತಾರೆ ಅಂತ ಮಕ್ಕಳನ್ನೇ ಕೇಳಿ, ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ.

ಸಿಲೆಬಸ್ ಅಂತೀರಲ್ಲ, ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಅನ್ನೋದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ತತ್ವ. ನಾನು ಮಾಡುತ್ತಿರುವುದು ಅದನ್ನೇ.

ಮುಂದಿನ ಕಿರುಪರೀಕ್ಷೆಯಲ್ಲಿ ರೈಲಿನ ಪ್ರಶ್ನೆ ಕೊಟ್ಟೆ. ಯಾವಾಗಲೂ ಅರ್ಧ ಹಾಳೆ ಖಾಲಿ ಬಿಡುತ್ತಿದ್ದ ಆ ಹುಡುಗ ಪುಸ್ತಕದ ನಾಲ್ಕೂ ಅಂಶ ಬರೆದಿದ್ದ. ಐದನೆಯದಾಗಿ, ಎತ್ತುಗಳನ್ನು ಮಾರಿದ್ದನ್ನೂ ಬರೆದಿದ್ದ.